ರೋಗಿಗಿಂತ ಮೊದಲು ಸುದ್ದಿ ಮುಟ್ಟಲಿ

ಅಕ್ಕಮಹಾದೇವಿ ಹುಟ್ಟಿದ ಉಡುತಡಿ ನಮ್ಮ ಕಡೆಯದು. ಶಿಕಾರಿಪುರ, ಸೊರಬ ಸುತ್ತಿನ ನಮಗೆಲ್ಲ ದೊಡ್ಡಾಸ್ಪತ್ರೆ ಎಂದರೆ ಶಿವಮೊಗ್ಗದ ಮೆಗ್ಗಾನ್. ಶಿಕಾರಿಪುರದಿಂದಲೇ ಅಲ್ಲಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು.

1987ರ ಅಡಿಕೆ ಕೊಯ್ಲಿನ ಹೊತ್ತು. ನನ್ನ ಅಣ್ಣನಿಗೆ ಎದೆ ಹಿಡಿದುಕೊಂಡಿತು, ಬೆವರು ಸುರಿಯಿತು. ಗ್ಯಾಸ್ ಇರಬೇಕೆಂದು ಅತ್ತಿಗೆ ಜೀರಿಗೆ ಕಷಾಯ ಕೊಟ್ಟರು, ನಾನು ಸೋಡಾ ತಂದೆ. ಬಾಡಿಗೆ ಕಾರು ಸಿಗುವಾಗ ಸಂಜೆಯಾಗಿತ್ತು. ಅಣ್ಣ ದಾರಿಯಲ್ಲೇ ಹೋದ. ನಾವು ಕಳೆದದ್ದು ನಾಲ್ಕು ಗಂಟೆ. ಬ್ಯಾಂಕಿನಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಕೂತು ಹುಡುಕುತ್ತಿದ್ದವನು ನಾನು. ಆ ನಾಲ್ಕು ಗಂಟೆಯ ಲೆಕ್ಕ ಮಾತ್ರ ಇನ್ನೂ ಟ್ಯಾಲಿ ಆಗಿಲ್ಲ.

ಮಕ್ಕಳೇ, ನಮ್ಮ ಕಾಲದಲ್ಲಿ ಬ್ಯಾಂಕಿನಲ್ಲಿ ಟಿ.ಟಿ. ಎಂಬುದಿತ್ತು. ದೂರದ ಊರಿಗೆ ತುರ್ತಾಗಿ ಹಣ ಬೇಕೆಂದರೆ ನೋಟಿನ ಕಟ್ಟು ಬಸ್ಸು ಹತ್ತುತ್ತಿರಲಿಲ್ಲ. ಗುಪ್ತ ಸಂಕೇತದ ತಂತಿ ಹೋಗುತ್ತಿತ್ತು, ಆ ಊರಿನ ಶಾಖೆಯೇ ಹಣ ಕೊಡುತ್ತಿತ್ತು. ಈಗ ಆಸ್ಪತ್ರೆಗಳೂ ಇದನ್ನೇ ಕಲಿಯುತ್ತಿವೆ.

ಹೃದಯಾಘಾತದಿಂದ 2021ರಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಕರ್ನಾಟಕ ಸರ್ಕಾರ 'ಹೃದಯ ಜ್ಯೋತಿ' ಯೋಜನೆ ತಂದಿದೆ. ಇದಕ್ಕೆ ಜಯದೇವ ಹೃದ್ರೋಗ ಸಂಸ್ಥೆಯ ನೆರವಿದೆ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಗೆ ಇಸಿಜಿ ಮಾಡುತ್ತಾರೆ. ಅದು ಕೂಡಲೇ ದೂರದ ತಜ್ಞರ ಕಣ್ಣಿಗೆ ಬೀಳುತ್ತದೆ. ರಕ್ತನಾಳ ಕಟ್ಟಿಕೊಂಡಿದೆ ಎಂದು ಅವರು ಹೇಳಿದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಕೊಡುತ್ತಾರೆ. ಹತ್ತಾರು ಸಾವಿರ ರೂಪಾಯಿಯ ಔಷಧ, ರೋಗಿಗೆ ಉಚಿತ. ದೊಡ್ಡಾಸ್ಪತ್ರೆಯ ಪ್ರಯಾಣ ಆಮೇಲೆ. ರೋಗಿ ಹೊರಡುವ ಮೊದಲೇ ಚಿಕಿತ್ಸೆ ಶುರುವಾಗಿರುತ್ತದೆ.

ಇದೇ ಏರ್ಪಾಡು ಬೇಕಾದ ಇನ್ನೊಂದು ಕಾಯಿಲೆ ಸೆಪ್ಸಿಸ್. ಹಳ್ಳಿಯಲ್ಲಿ 'ನಂಜೇರಿತು' ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಗಾಯ, ನ್ಯುಮೋನಿಯಾ, ಮೂತ್ರದ ಸೋಂಕು ಯಾವುದರಿಂದಲಾದರೂ ಶುರುವಾಗಬಹುದು. ಸೋಂಕಿನ ಜೊತೆ ಹೋರಾಡುವ ದೇಹ ಹದ ತಪ್ಪಿ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುತ್ತದೆ. 2017ರಲ್ಲಿ ಜಗತ್ತಿನಲ್ಲಿ ಸುಮಾರು 1.1 ಕೋಟಿ ಸಾವುಗಳು ಇದಕ್ಕೆ ಸಂಬಂಧಿಸಿದ್ದವು ಎಂದು ಅಂದಾಜು.

ನ್ಯೂಯಾರ್ಕಿನ ಹನ್ನೆರಡು ವರ್ಷದ ರೋರಿ ಸ್ಟಾಂಟನ್ 2012ರಲ್ಲಿ ಶಾಲೆಯಲ್ಲಿ ಆಡುವಾಗ ಬಿದ್ದು ಕೈ ತರಚಿಕೊಂಡ. ಕೆಲವೇ ದಿನಗಳಲ್ಲಿ ಸೆಪ್ಸಿಸ್‌ನಿಂದ ತೀರಿಕೊಂಡ. ತಂದೆತಾಯಿ ಸುಮ್ಮನೆ ಕೂರಲಿಲ್ಲ. ಸೆಪ್ಸಿಸ್ಸನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕ್ರಮ ಪ್ರತಿ ಆಸ್ಪತ್ರೆಯಲ್ಲೂ ಇರಲೇಬೇಕೆಂದು ಆ ರಾಜ್ಯ 2013ರಲ್ಲಿ ನಿಯಮ ಮಾಡಿತು. ಅದಕ್ಕೆ ಆ ಹುಡುಗನದೇ ಹೆಸರು.

ಸೆಪ್ಸಿಸ್ಸನ್ನು ತೋರಿಸಿಕೊಡುವ ಇಸಿಜಿಯಂಥ ಒಂದೇ ಪರೀಕ್ಷೆ ಇಲ್ಲ. ಆದರೆ ರಕ್ತದೊತ್ತಡ, ಉಸಿರು, ಜ್ವರ ನೋಡಲು ದೊಡ್ಡ ಯಂತ್ರ ಬೇಡ. ರಕ್ತದೊತ್ತಡ ಕುಸಿದವರಿಗೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಸಿಗಬೇಕೆನ್ನುತ್ತದೆ ವೈದ್ಯಶಾಸ್ತ್ರ. ನಮ್ಮೂರಿನಿಂದ ಶಿವಮೊಗ್ಗದ ದಾರಿಯೇ ಒಂದು ಗಂಟೆಗೂ ಹೆಚ್ಚು. ಹಾಗಾಗಿ ಮೊದಲ ಆಂಟಿಬಯಾಟಿಕ್, ಸಲೈನ್, ಆಮ್ಲಜನಕ ತಾಲ್ಲೂಕಿನಲ್ಲೇ ಆಗಬೇಕು. ದೊಡ್ಡಾಸ್ಪತ್ರೆಗೆ ಫೋನ್ ಮೊದಲೇ ಹೋಗಬೇಕು. ಏನು ಕೊಟ್ಟೆವು, ಎಷ್ಟು ಗಂಟೆಗೆ ಕೊಟ್ಟೆವು ಎಂಬ ಚೀಟಿ ರೋಗಿಯ ಜೊತೆಗಿರಬೇಕು.

ಮನೆಯವರ ಪಾಲೂ ಇದೆ. ಸೋಂಕಿದ್ದವರು ತಡಬಡ ಮಾತಾಡಿದರೆ, ಏದುಸಿರು ಬಿಟ್ಟರೆ, ಕೈಕಾಲು ತಣ್ಣಗಾದರೆ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. 'ಸೆಪ್ಸಿಸ್ ಇರಬಹುದೇ ಡಾಕ್ಟ್ರೇ?' ಎಂದು ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ತೊಂದರೆ ಶುರುವಾದ ಗಂಟೆಯನ್ನು ಬರೆದಿಡಿ. ತಾರೀಖಿಲ್ಲದ ವೋಚರನ್ನು ನಾವು ಪಾಸ್ ಮಾಡುತ್ತಿರಲಿಲ್ಲ.

ನಮ್ಮ ಮನೆಯ ಕ್ಯಾಲೆಂಡರ್ ಪಕ್ಕ ಮೊಮ್ಮಗಳು ಕೆಂಪು ಪೆನ್ನಿನಲ್ಲಿ 108 ಎಂದು ಬರೆದಿದ್ದಾಳೆ. ಕೆಳಗೆ ನಾನೊಂದು ಸಾಲು ಸೇರಿಸಿದ್ದೇನೆ: 'ಮೊದಲು ಫೋನ್, ಕಷಾಯ ಆಮೇಲೆ.'