ಮೊದಲ ಮೋಟಾರು ಸೈಕಲಿನ ಆಯ್ಕೆ

2001ರಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ತರುವಾಯ, ಊರಿನ ಅನೇಕರು ಉದ್ಯೋಗಾರ್ಥವಾಗಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುತ್ತಾರೆ. ಮನೆಯಿಂದ ನಿಲ್ದಾಣದವರೆಗೆ ಮೋಟಾರು ಸೈಕಲನ್ನು ನಡೆಸಲಿಚ್ಛಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ಕೆಲವು ಮಾತುಗಳನ್ನು ಅರಿಕೆಮಾಡುತ್ತೇವೆ.

ಕಲಿಯುವವರು ತಪ್ಪುವುದು ಸಹಜ. ಆ ತಪ್ಪನ್ನು ಸೈರಿಸಿಕೊಳ್ಳುವ ವಾಹನವೇ ಅವರಿಗೆ ಉತ್ತಮವಾದುದು. ಕುಳಿತಾಗ ಎರಡು ಪಾದಗಳೂ ನೆಲವನ್ನು ಚೆನ್ನಾಗಿ ಮುಟ್ಟಬೇಕು. ಭಾರವು ಕಡಿಮೆಯಿರಬೇಕು. 100 ಸಿ.ಸಿ. ವರ್ಗದ ಹೀರೋ ಸ್ಪ್ಲೆಂಡರಿನ ತೂಕವು ಸುಮಾರು 112 ಕಿಲೋಗ್ರಾಂ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದು ಸುಮಾರು 195. ನಿಂತಲ್ಲಿಯೇ ವಾಲಿದರೆ ಮೊದಲನೆಯದನ್ನು ಹಿಡಿದು ನಿಲ್ಲಿಸಬಹುದು. ಎರಡನೆಯದನ್ನು ತಡೆಯುವುದು ಹೊಸಬರಿಗೆ ಬಹು ಕಷ್ಟ. ಎಂಜಿನ್ನಿನ ಶಕ್ತಿಯು ಮಿತವಾಗಿದ್ದರೆ, ಅರಿಯದೆ ಆಕ್ಸಿಲರೇಟರನ್ನು ಹೆಚ್ಚು ತಿರುವಿದರೂ ವಾಹನವು ಥಟ್ಟನೆ ಮುನ್ನುಗ್ಗದು. ಎರಡು ಗಾಲಿಗಳಿಗೂ ಒಟ್ಟಿಗೆ ಬ್ರೇಕು ಬೀಳುವ ಏರ್ಪಾಡಾಗಲಿ ಎ.ಬಿ.ಎಸ್. ಆಗಲಿ 125 ಸಿ.ಸಿ.ವರೆಗಿನ ಹೊಸ ವಾಹನಗಳಿಗೆ 2019ರ ಏಪ್ರಿಲಿನಿಂದ ಕಡ್ಡಾಯವಾಯಿತು. ಹಳೆಯ ವಾಹನವನ್ನು ಕೊಳ್ಳುವವರು ಇದನ್ನು ವಿಚಾರಿಸತಕ್ಕದ್ದು.

18 ವರ್ಷ ತುಂಬದ ಮಗಳ ಕೈಗೆ ಇಂತಹ ವಾಹನವನ್ನು ಕೊಡುವ ಹೆತ್ತವರೇ ಕಾನೂನಿನ ದಂಡನೆಗೆ ಗುರಿಯಾಗುವರು. ತುಂಬಿದವಳಿಗೆ, ವಾಹನಕ್ಕೆ ಮುಂಚೆ ಒಳ್ಳೆಯ ಹೆಲ್ಮೆಟ್ಟನ್ನು ಕೊಡಿಸಿರಿ. ವಾಹನವು ಎಷ್ಟೇ ಸೈರಣೆಯುಳ್ಳದ್ದಾದರೂ, ರಸ್ತೆಗೆ ಆ ಗುಣವಿಲ್ಲ.