ಹೊಸ್ತಿಲು ದಾಟಿ ಬರುವ ದನಿ

ಧಾರವಾಡದಲ್ಲಿ 1845ರಿಂದಲೂ ಮಾನಸಿಕ ಆಸ್ಪತ್ರೆಯಿದೆ. ಇಂದು ಅದು ಡಿಮ್ಹಾನ್ಸ್ ಎಂಬ ಹೆಸರಿನಿಂದ ಪರಿಚಿತ. ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದಾರಿ, ಬಸ್ಸಿಗೇನೂ ಕೊರತೆಯಿಲ್ಲ. ಆದರೂ ಎಷ್ಟೋ ಮನೆಗಳಿಂದ ಅಲ್ಲಿಗೆ ತಲುಪಲು ವರ್ಷಗಳೇ ಬೇಕಾಗುತ್ತವೆ. ಏಕೆ?

ಮೊದಲನೆಯದು ನಾಚಿಕೆ. ಮಗಳನ್ನು ಆ ಗೇಟಿನ ಬಳಿ ಯಾರಾದರೂ ಕಂಡರೆ ಅವಳ ತಂಗಿಯ ನಿಕಾಹ್‌ಗೆ ತೊಡಕಾದೀತೆಂಬ ಅಂಜಿಕೆ. ಎರಡನೆಯದು, ಕಾಯಿಲೆಯನ್ನು ಕಾಯಿಲೆ ಎಂದು ಗುರುತಿಸದಿರುವುದು. ಬಾಣಂತಿಯೊಬ್ಬಳು ರಾತ್ರಿಯಿಡೀ ನಿದ್ರಿಸದೆ, ಮಗುವನ್ನು ಎತ್ತಿಕೊಳ್ಳದೆ, ಕಾರಣವಿಲ್ಲದೆ ಅಳುತ್ತಾ ಕುಳಿತರೆ 'ಗಾಳಿ ಸೋಕಿದೆ' ಎನ್ನುತ್ತೇವೆ. ತಾಯಿತ ಕಟ್ಟಿಸುತ್ತೇವೆ. ಕಳೆದುಹೋಗುವ ಆ ದಿನಗಳಲ್ಲಿ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯವಿರುತ್ತದೆ.

ಇದು ಒಂದು ಊರಿನ ಕಥೆಯಲ್ಲ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆಗಳಿಂದ ಬಳಲುವ ನೂರರಲ್ಲಿ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ.

ಇಂಥ ಕಡೆ ರೇಡಿಯೊದ ಬೆಲೆ ತಿಳಿಯುತ್ತದೆ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಅದನ್ನು ಕೇಳಲು ಓದು ಬರಬೇಕಿಲ್ಲ, ಮನೆಯಿಂದ ಹೊರಡಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ. ಅಡುಗೆಮನೆಯಲ್ಲಿ ವೈದ್ಯರ ಮಾತು ಕೇಳಿಬಂದರೆ ಅತ್ತೆಯೂ ಸೊಸೆಯೂ ಒಟ್ಟಿಗೇ ಕೇಳುತ್ತಾರೆ. 'ನನಗೆ ಹೀಗಾಗುತ್ತಿದೆ' ಎಂದು ಮೊದಲು ಬಾಯಿ ಬಿಡುವ ಕಷ್ಟ ಸೊಸೆಗೆ ತಪ್ಪುತ್ತದೆ. ಮಾತು ಹೊರಗಿನಿಂದಲೇ ಬಂದಿರುತ್ತದೆ.

ಹಾಸ್ಯಕ್ಕಾಗಿ 'ಹುಚ್ಚ'ನನ್ನು ತೋರಿಸಿ ನಗಿಸುವ ಕಾರ್ಯಕ್ರಮಗಳಿಗೆ ಕೊರತೆಯಿಲ್ಲ. ಸಾರ್ವಜನಿಕ ಪ್ರಸಾರದ ಹೊಣೆ ಬೇರೆ. ಆರೋಗ್ಯ ಮತ್ತು ಕುಟುಂಬ ಕಲ್ಯಾಣಕ್ಕೆ ವಿಶೇಷ ಗಮನ ಕೊಡಬೇಕು, ಮಹಿಳೆಯರ ಸಮಸ್ಯೆಗಳ ಬಗ್ಗೆ ಜನರಲ್ಲಿ ಅರಿವು ಮೂಡಿಸಬೇಕು ಎಂದು 1990ರ ಪ್ರಸಾರ ಭಾರತಿ ಕಾಯ್ದೆಯೇ ಹೇಳುತ್ತದೆ. ಆದ್ದರಿಂದ ಇಂಥ ಕಾರ್ಯಕ್ರಮಗಳನ್ನು ಕೇಳುವುದು ನಮ್ಮ ಹಕ್ಕು. ಗುಣಮುಖರಾದವರ ಮಾತುಗಳನ್ನು, ಹೆಂಗಸರಿಗೆ ಬಿಡುವಿರುವ ಹೊತ್ತಿನಲ್ಲಿ, ಮನೆಮಾತಿನಷ್ಟು ಸರಳವಾಗಿ ಪ್ರಸಾರ ಮಾಡಿರೆಂದು ಕೇಂದ್ರಕ್ಕೆ ನಾವೇ ಪತ್ರ ಬರೆಯಬಹುದು.

ದುಆ ಮಾಡುವುದನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಕಾಯಿಲೆಗೆ ಚಿಕಿತ್ಸೆ ಪಡೆಯಬೇಕೆಂಬುದೂ ಪ್ರವಾದಿಯವರ(ಸ) ಬೋಧನೆಯೇ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಕರೆತಂದಿದ್ದ ರೋಗಿಗಳನ್ನು ಇರಿಸುವ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಂಧಿಸಲ್ಪಟ್ಟಿದ್ದ 28 ಮಂದಿ ಓಡಲಾಗದೆ ಬಲಿಯಾದರು. ಅವರನ್ನು ಅಲ್ಲಿ ಬಿಟ್ಟು ಹೋದವರು ಸ್ವಂತ ಮನೆಯವರೇ. ಬಹುಶಃ ಅವರಿಗೆ ಬೇರೆ ದಾರಿ ಹೇಳುವವರೇ ಇರಲಿಲ್ಲ.

ರೇಡಿಯೊ ಮದ್ದು ಕೊಡಲಾರದು, ದಾರಿ ತೋರಿಸಬಲ್ಲದು. ಮುಂದಿನ ಹೆಜ್ಜೆ ನಮ್ಮದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಬಾಣಂತಿ ಇಲ್ಲದ್ದನ್ನು ಕಾಣುತ್ತಿದ್ದರೆ, ಸಾವಿನ ಮಾತಾಡುತ್ತಿದ್ದರೆ ಮಾತ್ರ ಕಾಯಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸಹೋದರಿಯರೇ, ಈ ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ನಿಮಗೆ ಬೇಕಾಗದಿದ್ದರೂ ನೆರೆಮನೆಯವರಿಗೆ ಬೇಕಾದೀತು.