ಎಸ್.ಎಸ್.ಎಲ್.ಸಿ. ಆಯಿತು, ಮುಂದೇನು?

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ವಾರದಲ್ಲಿ ಮನೆಮನೆಯಲ್ಲಿಯೂ ಏಳುವ ಪ್ರಶ್ನೆ ಒಂದೇ: ಮುಂದೇನು? ಕಣ್ಣು ಕಾಣದ, ಕಿವಿ ಕೇಳದ, ಕೈಕಾಲು ಸ್ವಾಧೀನದಲ್ಲಿಲ್ಲದ, ಅಥವಾ ಬುದ್ಧಿ ಚುರುಕಾಗಿದ್ದರೂ ಓದುಬರಹ ಒಗ್ಗದ ಮಕ್ಕಳ ಮನೆಗಳಲ್ಲಿ ಇದಕ್ಕೆ ಉತ್ತರ ಎಷ್ಟೋ ವೇಳೆ ಮೊದಲೇ ಸಿದ್ಧವಾಗಿರುತ್ತದೆ. “ಇಷ್ಟು ಓದಿದ್ದೇ ಹೆಚ್ಚು, ಇನ್ನು ಮನೆಯಲ್ಲಿರಲಿ” ಎಂಬುದೇ ಆ ಉತ್ತರ. ವಾತ್ಸಲ್ಯದಿಂದ ಆಡಿದ ಮಾತೇ ಆದರೂ ಅದರಿಂದ ಆ ಮಗುವಿನ ಇಡೀ ಬಾಳು ನಾಲ್ಕು ಗೋಡೆಗಳ ನಡುವೆ ನಿಂತುಬಿಡಬಹುದು. ಆದುದರಿಂದ ಇಂಥ ಮಕ್ಕಳಿಗೆ ಶಾಲೆಯ ಆಚೆಗೆ ಇರುವ ದಾರಿಗಳು ಯಾವುವೆಂಬುದನ್ನು ಪಾಲಕರೂ ಉಪಾಧ್ಯಾಯರೂ ಸ್ಪಷ್ಟವಾಗಿ ಅರಿತಿರಬೇಕು.

ಮೊದಲು ಕಾನೂನಿನ ಮಾತು. ೧೯೯೫ರ ಕಾಯಿದೆ ಏಳು ಬಗೆಯ ನ್ಯೂನತೆಗಳನ್ನು ಮಾತ್ರ ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ ೨೦೧೬ರ ಕಾಯಿದೆ ಇಪ್ಪತ್ತೊಂದು ಬಗೆಗಳನ್ನು ಹೆಸರಿಸುತ್ತದೆ. ಡಿಸ್ಲೆಕ್ಸಿಯ ಮೊದಲಾದ ಕಲಿಕೆಯ ತೊಡಕುಗಳೂ ಆಟಿಸಂ ಸಹ ಇದರಲ್ಲಿ ಸೇರಿವೆ. ನ್ಯೂನತೆ ಶೇಕಡ ೪೦ ಅಥವಾ ಅದಕ್ಕೂ ಹೆಚ್ಚೆಂದು ಪ್ರಮಾಣಪತ್ರ ಪಡೆದವರಿಗೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ ೫ಕ್ಕೆ ಕಡಮೆಯಿಲ್ಲದಷ್ಟು ಸ್ಥಾನಗಳು ಮೀಸಲು. ವಯೋಮಿತಿಯಲ್ಲಿ ಐದು ವರ್ಷಗಳ ವಿನಾಯಿತಿಯೂ ಉಂಟು. ‘ವಿಕಲ’ ಎಂಬ ಶಬ್ದಕ್ಕೆ ‘ಒಂದು ಕಲೆ, ಎಂದರೆ ಒಂದು ಅಂಶ, ಕಡಮೆಯಾದದ್ದು’ ಎಂದರ್ಥ. ಚತುರ್ದಶಿಯ ಚಂದ್ರನಿಗೂ ಒಂದು ಕಲೆ ಕಡಮೆಯೇ. ಹಾಗೆಂದು ಯಾರೂ ಅವನನ್ನು ಕತ್ತಲೆಂದು ಕರೆಯುವುದಿಲ್ಲ.

ಈ ಸೌಲಭ್ಯಗಳಿಗೆಲ್ಲ ಆಧಾರವಾದುದು ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಎಂಬ ಗುರುತಿನ ಚೀಟಿ. ಕಲಿಕೆಯ ತೊಡಕನ್ನು ಪರೀಕ್ಷಿಸುವ ವ್ಯವಸ್ಥೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಮಾತು ಮತ್ತು ಶ್ರವಣಗಳ ವಿಷಯದಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪ್ರಸಿದ್ಧವಾಗಿದೆ. ಈ ಪರೀಕ್ಷೆಗಳು ಒಂದೇ ದಿನದಲ್ಲಿ ಮುಗಿಯತಕ್ಕವಲ್ಲ. ಆದುದರಿಂದ ಒಂಬತ್ತನೆಯ ತರಗತಿಯಲ್ಲಿಯೇ ಈ ಕೆಲಸ ಮುಗಿಸಿಕೊಳ್ಳುವುದು ಜಾಣತನ. ಕಾಲೇಜಿನ ಅರ್ಜಿ ಕೈಗೆ ಬಂದ ಮೇಲೆ ಆಸ್ಪತ್ರೆಗೆ ಓಡುವುದು ಊಟಕ್ಕೆ ಎಲೆ ಹಾಕಿದ ಮೇಲೆ ಭತ್ತ ಕುಟ್ಟಿದಂತೆ.

ಇಲ್ಲಿ ಒಂದು ಸೂಕ್ಷ್ಮವಾದ ಸಂಗತಿಯನ್ನು ಗಮನಿಸಬೇಕು. ಪರೀಕ್ಷೆಯಲ್ಲಿ ಹೆಚ್ಚಿನ ಕಾಲ, ಬರೆಯಲು ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಮುಂತಾದ ಮಾರ್ಪಾಡುಗಳನ್ನು ಕಾಯಿದೆಯೇ ಸೂಚಿಸುತ್ತದೆ. ಕನ್ನಡ ಪಾಠ ಹೇಳುವವನು ಭಾಷೆಯ ವಿನಾಯಿತಿಯನ್ನು ಸಮರ್ಥಿಸುವುದು ವಿಚಿತ್ರವೆಂದು ತೋರಬಹುದು. ಆದರೆ ಒಂದು ಲಿಪಿಯಲ್ಲಿಯೇ ಅಕ್ಷರ ಜೋಡಿಸಲು ತಡವರಿಸುವ ಮಗುವಿನ ಮೇಲೆ ಕನ್ನಡ, ಇಂಗ್ಲಿಷ್, ದೇವನಾಗರಿ ಎಂದು ಮೂರು ಲಿಪಿಗಳನ್ನು ಹೇರುವುದು ವಿದ್ಯಾದಾನವಲ್ಲ. ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ.ಯಲ್ಲಿ ಇಂಥ ವಿದ್ಯಾರ್ಥಿಗಳಿಗೆ ಗಣಿತದ ಬದಲು ಸಮಾಜಶಾಸ್ತ್ರ, ವಿಜ್ಞಾನದ ಬದಲು ರಾಜ್ಯಶಾಸ್ತ್ರ ಅಥವಾ ಸಂಗೀತವನ್ನು ತೆಗೆದುಕೊಳ್ಳುವ ಅವಕಾಶವೂ ಇದೆ. ಅನೇಕರಿಗೆ ಇದು ವರವೇ ಸರಿ. ಆದರೆ ಹೀಗೆ ಗಣಿತ, ವಿಜ್ಞಾನಗಳನ್ನು ಬಿಟ್ಟವನಿಗೆ ಪಿ.ಯು.ಸಿ.ಯ ವಿಜ್ಞಾನ ವಿಭಾಗವೂ ಅದರ ಮೂಲಕ ಇಂಜಿನಿಯರಿಂಗ್, ವೈದ್ಯಕೀಯಗಳೂ ಬಹುಮಟ್ಟಿಗೆ ದೂರವಾಗುತ್ತವೆ. ಕಣ್ಣು ಕಾಣದವನಿಗೆ ಗಣಿತ ಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಅವನಿಗೆ ಬೇಕಾದುದು ಬ್ರೈಲ್ ಪುಸ್ತಕ, ಓದಿ ಹೇಳುವ ಕಂಪ್ಯೂಟರು. ಶಾಲೆಯ ಫಲಿತಾಂಶದ ಶೇಕಡವನ್ನು ಏರಿಸುವುದಕ್ಕಾಗಿ ಉಪಾಧ್ಯಾಯರು ಸುಲಭದ ವಿಷಯವನ್ನು ಆರಿಸಿಕೊಡಬಾರದು. ಮಗುವನ್ನೇ ಕೇಳಿ, ಮುಂದಿನ ಪರಿಣಾಮವನ್ನು ಅದಕ್ಕೆ ತಿಳಿಸಿ ನಿರ್ಧರಿಸಬೇಕು.

ಇನ್ನು ದಾರಿಗಳು. ಪಿ.ಯು.ಸಿ., ಅನಂತರ ಪದವಿ ಎಂಬುದು ಎಲ್ಲರೂ ಬಲ್ಲ ರಾಜಮಾರ್ಗ. ಕೈಕಸುಬಿನಲ್ಲಿ ಒಲವುಳ್ಳವರಿಗೆ ಐ.ಟಿ.ಐ. ಮತ್ತು ಡಿಪ್ಲೊಮಾ ಇವೆ; ಮೈಸೂರಿನಲ್ಲಿ ಜೆ.ಎಸ್.ಎಸ್. ಸಂಸ್ಥೆಯವರು ವಿಶೇಷಚೇತನರಿಗಾಗಿಯೇ ಒಂದು ಪಾಲಿಟೆಕ್ನಿಕ್ ನಡೆಸುತ್ತಿದ್ದಾರೆ. ತರಗತಿಯ ವೇಗಕ್ಕೆ ಹೊಂದಿಕೊಳ್ಳಲಾರದವರಿಗೆ ೧೯೮೯ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆಯ ಪದ್ಧತಿ ಅನುಕೂಲ. ಅಲ್ಲಿ ಐದು ವರ್ಷಗಳ ಅವಧಿಯಲ್ಲಿ ಒಂದೊಂದಾಗಿ ವಿಷಯಗಳನ್ನು ಮುಗಿಸಬಹುದು. ಅದರ ಮುಂದಕ್ಕೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ, ದೆಹಲಿಯ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯಗಳಿವೆ. ಬುದ್ಧಿ ಬೆಳವಣಿಗೆಯಲ್ಲಿ ಹಿಂದುಳಿದವರಿಗೆ ಪದವಿಗಿಂತ ವೃತ್ತಿ ತರಬೇತಿ ಹೆಚ್ಚು ಹಿತವಾದೀತು. ಪದವಿಯೊಂದೇ ಬಾಳಿನ ಗುರಿಯಲ್ಲ.

ನ್ಯಾಯಾಲಯಗಳೂ ಈಚೆಗೆ ಇಂಥವರ ಬೆನ್ನಿಗೆ ನಿಂತಿವೆ. ಕೈಬರಹದ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬವರ ಮೊಕದ್ದಮೆಯಲ್ಲಿ, ಶೇಕಡ ೪೦ರ ಮಿತಿ ಮುಟ್ಟದಿದ್ದರೂ ಬರೆಯುವ ಸಹಾಯಕನನ್ನು ನಿರಾಕರಿಸಲಾಗದೆಂದು ಸುಪ್ರೀಂ ಕೋರ್ಟು ೨೦೨೧ರಲ್ಲಿ ತೀರ್ಪಿತ್ತಿತು. ೨೦೨೪ರಲ್ಲಿ ಓಂಕಾರ್ ಗೊಂಡ್ ಎಂಬವರ ಮೊಕದ್ದಮೆಯಲ್ಲಿ, ನ್ಯೂನತೆಯ ಶೇಕಡವನ್ನಷ್ಟೇ ನೋಡಿ ವೈದ್ಯಕೀಯ ಶಿಕ್ಷಣವನ್ನು ತಪ್ಪಿಸಕೂಡದು, ಆ ವ್ಯಾಸಂಗವನ್ನು ನಡೆಸಬಲ್ಲನೇ ಎಂಬುದನ್ನು ಪರೀಕ್ಷಿಸಬೇಕು ಎಂದಿತು.

ಕೊನೆಯದಾಗಿ, ಶಾಲೆಯಲ್ಲಿ ದೊರೆತ ಅನುಕೂಲ ಕಾಲೇಜಿಗೆ ತಾನಾಗಿ ಹಿಂಬಾಲಿಸಿ ಬರುವುದಿಲ್ಲ. ಸೇರುವ ಮೊದಲೇ ಪ್ರಾಂಶುಪಾಲರನ್ನು ಕಂಡು ಕೇಳಬೇಕು: ಗಾಲಿಕುರ್ಚಿ ತರಗತಿಯವರೆಗೆ ಹೋಗುವುದೇ? ಪ್ರಯೋಗಶಾಲೆ ಮಹಡಿಯ ಮೇಲಿದೆಯೇ? ಪರೀಕ್ಷೆಯಲ್ಲಿ ಗಂಟೆಗೆ ಇಪ್ಪತ್ತು ನಿಮಿಷದ ಹೆಚ್ಚಿನ ಕಾಲಕ್ಕೆ ಅರ್ಜಿಯನ್ನು ಯಾರಿಗೆ, ಎಂದಿನೊಳಗೆ ಕೊಡಬೇಕು? ಹೀಗೆ ಕೇಳುವುದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ. ಇದು ಭಿಕ್ಷೆಯಲ್ಲ, ಹಕ್ಕು. ನಿಮ್ಮ ಮನೆಯಲ್ಲಿ ಇಂಥ ಮಗುವಿಲ್ಲದಿದ್ದರೂ ನೆರೆಮನೆಯಲ್ಲಿ ಇರಬಹುದು. ಈ ನಾಲ್ಕು ಮಾತುಗಳನ್ನು ಅವರಿಗೆ ಮುಟ್ಟಿಸಿರಿ.